ಜೆನಿಫರ್ ಡೌಡ್ನಾ ಸಹಿ ಹಾಕದ ಮನವಿ

2019ರ ಮಾರ್ಚ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಮನವಿ ಪ್ರಕಟವಾಯಿತು. ಮನುಷ್ಯ ಭ್ರೂಣದ ವಂಶವಾಹಿಗಳನ್ನು ತಿದ್ದಿ ಮಗುವನ್ನು ಹುಟ್ಟಿಸುವ ಕೆಲಸವನ್ನು ಎಲ್ಲ ದೇಶಗಳೂ ಸದ್ಯಕ್ಕೆ ತಡೆಹಿಡಿಯಬೇಕು ಎಂಬುದು ಅದರ ಸಾರ. ಏಳು ದೇಶಗಳ 18 ಮಂದಿ ಸಹಿ ಹಾಕಿದ್ದರು. ಕ್ರಿಸ್ಪರ್ ಎಂಬ ತಿದ್ದುಪಡಿ ತಂತ್ರವನ್ನು ರೂಪಿಸಿದವರಲ್ಲಿ ಒಬ್ಬರಾದ ಇಮ್ಯಾನುಯೆಲ್ ಶಾರ್ಪೊಂಟಿಯೇ ಅದರಲ್ಲಿದ್ದರು. ಅದನ್ನು ಮನುಷ್ಯ ಜೀವಕೋಶಕ್ಕೆ ಒಗ್ಗಿಸಿದ ಫೆಂಗ್ ಝಾಂಗ್ ಇದ್ದರು. 1975ರಲ್ಲಿ ಅಸಿಲೊಮಾರ್‌ನಲ್ಲಿ ವಿಜ್ಞಾನಿಗಳನ್ನು ಒಂದೆಡೆ ಸೇರಿಸಿ, ನಮ್ಮ ಕೈಗೆ ನಾವೇ ಕಡಿವಾಣ ಹಾಕಿಕೊಳ್ಳೋಣ ಎಂದಿದ್ದ ಪಾಲ್ ಬರ್ಗ್ ಕೂಡ ಇದ್ದರು. ಶಾರ್ಪೊಂಟಿಯೇ ಜೊತೆ ಸೇರಿ ಆ ತಂತ್ರವನ್ನು ರೂಪಿಸಿದ ಜೆನಿಫರ್ ಡೌಡ್ನಾ ಮಾತ್ರ ಇರಲಿಲ್ಲ.

ಇದು ಹಲವರಿಗೆ ಅಚ್ಚರಿ ತಂದಿತು. ಏಕೆಂದರೆ ನಾಲ್ಕು ವರ್ಷ ಮೊದಲು, 2015ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಈ ಚರ್ಚೆಯನ್ನು ಶುರುಮಾಡಿದವರೇ ಡೌಡ್ನಾ. ಆ ಸಭೆಗೆ ಬರ್ಗ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರಂಥ ಹಿರಿಯರನ್ನು ಕರೆಸಿದ್ದರು. ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಭ್ರೂಣ ತಿದ್ದಿ ಮಗು ಪಡೆಯುವ ಪ್ರಯತ್ನಕ್ಕೆ ಯಾರೂ ಕೈಹಾಕಬಾರದು ಎಂದು ಬರೆದ ಗುಂಪಿನಲ್ಲಿ ಅವರದೇ ಮುಖ್ಯ ದನಿ. ಅಂಥವರು ಹಿಂದೆ ಸರಿದರೇ? ಅಥವಾ ಸಹಿ ಹಾಕಿದವರಿಗಿಂತ ಸ್ಪಷ್ಟವಾಗಿ ಏನನ್ನೋ ಕಂಡಿದ್ದರೇ? ಉತ್ತರ ಬೇಕೆಂದರೆ ಅವರ ಕೆಲಸದ ಜಾಡನ್ನು ಮೊದಲಿನಿಂದ ಹಿಡಿಯಬೇಕು.

ಡೌಡ್ನಾ ಹುಟ್ಟಿದ್ದು 1964ರಲ್ಲಿ, ಬೆಳೆದದ್ದು ಹವಾಯಿ ದ್ವೀಪದ ಹಿಲೋ ಊರಿನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು. ನಮ್ಮ ಮಲೆನಾಡಿನ ಮಕ್ಕಳು ಮುಟ್ಟಿ ಆಡುವ ನಾಚಿಕೆಮುಳ್ಳು ಅಲ್ಲಿಯೂ ಬೆಳೆಯುತ್ತದೆ. ಬೆರಳು ತಾಗಿದೊಡನೆ ಎಲೆ ಯಾಕೆ ಮಡಚಿಕೊಳ್ಳುತ್ತದೆ ಎಂಬ ಪ್ರಶ್ನೆ ತಮ್ಮನ್ನು ಬಾಲ್ಯದಲ್ಲೇ ಹಿಡಿದಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ಹನ್ನೆರಡರ ಆಸುಪಾಸಿನಲ್ಲಿ ತಂದೆ, ಜೇಮ್ಸ್ ವಾಟ್ಸನ್ ಬರೆದ ‘ದಿ ಡಬಲ್ ಹೆಲಿಕ್ಸ್’ ಪುಸ್ತಕದ ಹಳೆಯ ಪ್ರತಿಯೊಂದನ್ನು ತಂದು ಮಗಳ ಹಾಸಿಗೆಯ ಮೇಲಿಟ್ಟರು. ಪತ್ತೇದಾರಿ ಕಥೆ ಇರಬೇಕೆಂದು ಕೈಗೆತ್ತಿಕೊಂಡ ಹುಡುಗಿ ಅದರಿಂದ ರಸಾಯನಶಾಸ್ತ್ರದ ಕಡೆ ಹೊರಳಿದಳು. ಹೆಣ್ಣುಮಕ್ಕಳಿಗೆ ವಿಜ್ಞಾನ ಯಾಕೆ ಎಂದು ಶಾಲೆಯಲ್ಲಿ ಸಲಹೆಗಾರರೊಬ್ಬರು ಹೇಳಿದ್ದರಂತೆ. ಅದು ಕೆಲಸಕ್ಕೆ ಬರಲಿಲ್ಲ.

ಮುಂದಿನ ಇಪ್ಪತ್ತು ವರ್ಷ ಅವರು ಹಿಡಿದದ್ದು ಹೆಚ್ಚಿನವರು ಬದಿಗಿಟ್ಟಿದ್ದ ಅಣುವನ್ನು. ಎಲ್ಲರ ಕಣ್ಣೂ ಡಿಎನ್‌ಎ ಮೇಲಿದ್ದಾಗ, ಹಾರ್ವರ್ಡ್‌ನಲ್ಲಿ ಜಾಕ್ ಸ್ಝೋಸ್ಟಾಕ್ ಅವರ ವಿದ್ಯಾರ್ಥಿನಿಯಾಗಿ ಡೌಡ್ನಾ ಆರ್‌ಎನ್‌ಎಯನ್ನು ಆರಿಸಿಕೊಂಡರು. ಆರ್‌ಎನ್‌ಎ ಬರೀ ಸಂದೇಶ ಒಯ್ಯುವುದಿಲ್ಲ, ಕಿಣ್ವದ ಹಾಗೆ ತಾನೇ ಕತ್ತರಿಸಿ ಜೋಡಿಸಬಲ್ಲದು ಎಂದು ತೋರಿಸಿ ನೊಬೆಲ್ ಪಡೆದ ಥಾಮಸ್ ಚೆಕ್ ಅವರ ಬಳಿ ಆಮೇಲೆ ದುಡಿದರು. ಅಂಥ ಆರ್‌ಎನ್‌ಎಯ ಒಂದು ದೊಡ್ಡ ಭಾಗ ಹೇಗೆ ಮಡಿಕೆಯಾಗಿ ನಿಲ್ಲುತ್ತದೆ ಎಂಬುದನ್ನು ಸ್ಫಟಿಕ ಬೆಳೆಸಿ, ಕ್ಷ-ಕಿರಣ ಹಾಯಿಸಿ ಚಿತ್ರಿಸಿದ್ದು 1996ರಲ್ಲಿ. ಆಗ ಅವರು ಯೇಲ್‌ನಲ್ಲಿದ್ದರು. 2002ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಬಂದರು. ಈ ವರ್ಷಗಳಲ್ಲಿ ಸುದ್ದಿಯಾಗುವಂಥದ್ದೇನೂ ಇಲ್ಲ. ಆದರೆ ಮುಂದಿನ ತಿರುವಿಗೆ ಬೇಕಾದ ಹಿಡಿತವೆಲ್ಲ ಕೈಗೆ ಬಂದದ್ದು ಇಲ್ಲಿಯೇ.

2006ರಲ್ಲಿ ಅದೇ ವಿಶ್ವವಿದ್ಯಾಲಯದ ಜಿಲಿಯನ್ ಬ್ಯಾನ್‌ಫೀಲ್ಡ್ ಫೋನ್ ಮಾಡಿದರು. ಅವರು ಗಣಿಗಳ ಆಮ್ಲ ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುವವರು. ಈ ಜೀವಿಗಳ ಡಿಎನ್‌ಎಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ನಡುನಡುವೆ ವೈರಸ್ಸಿನ ತುಣುಕುಗಳಿವೆ, ಆರ್‌ಎನ್‌ಎ ಬಲ್ಲವರು ಬೇಕು ಎಂದರು. ಕ್ಯಾಂಪಸ್ಸಿನ ಫ್ರೀ ಸ್ಪೀಚ್ ಮೂವ್‌ಮೆಂಟ್ ಕೆಫೆಯಲ್ಲಿ ಕೂತು ಬ್ಯಾನ್‌ಫೀಲ್ಡ್ ಬಿಡಿಸಿದ ಆ ಸಾಲುಗಳ ಚಿತ್ರದಿಂದ ಡೌಡ್ನಾ ಅವರ ಕ್ರಿಸ್ಪರ್ ಅಧ್ಯಾಯ ಶುರುವಾಯಿತು.

ಹೀಗೆ ಹೇಳಿದರೆ ಎಲ್ಲವೂ ಅವರಿಂದಲೇ ಆರಂಭವಾದಂತೆ ಕೇಳಿಸುತ್ತದೆ. ಹಾಗಿಲ್ಲ. ಆ ವಿಚಿತ್ರ ಪುನರಾವರ್ತನೆಯನ್ನು ಜಪಾನಿನ ಯೋಶಿಝುಮಿ ಇಶಿನೊ 1987ರಲ್ಲೇ ದಾಖಲಿಸಿದ್ದರು. ಅದರ ಹಿಂದೆ ಬಿದ್ದು, ಇದು ಬ್ಯಾಕ್ಟೀರಿಯಾದ ರೋಗನಿರೋಧಕ ವ್ಯವಸ್ಥೆ ಇರಬೇಕು ಎಂದು ಊಹಿಸಿದವರು ಸ್ಪೇನಿನ ಆಲಿಕಾಂತೆಯ ಫ್ರಾನ್ಸಿಸ್ಕೊ ಮೊಹಿಕಾ. ಆ ಊಹೆ ನಿಜವೆಂದು 2007ರಲ್ಲಿ ಪ್ರಯೋಗದಿಂದ ತೋರಿಸಿದವರು ಡ್ಯಾನಿಸ್ಕೊ ಎಂಬ ಆಹಾರ ಕಂಪನಿಯಲ್ಲಿ ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತಿದ್ದ ರೊಡಾಲ್ಫ್ ಬರಾಂಗು, ಫಿಲಿಪ್ ಒರ್ವಾತ್ ಮತ್ತು ಸಂಗಡಿಗರು. ಈ ವ್ಯವಸ್ಥೆ ವೈರಸ್ಸಿನ ಡಿಎನ್‌ಎ ಕತ್ತರಿಸಲು ಇನ್ನೊಂದು ಪುಟ್ಟ ಆರ್‌ಎನ್‌ಎ ಕೂಡ ಬೇಕು ಎಂದು ಕಂಡುಹಿಡಿದವರು ಶಾರ್ಪೊಂಟಿಯೇ. ಡೌಡ್ನಾ ಮತ್ತು ಶಾರ್ಪೊಂಟಿಯೇ ಭೇಟಿಯಾದದ್ದು 2011ರ ಮಾರ್ಚ್‌ನಲ್ಲಿ, ಪೋರ್ಟೊ ರಿಕೊದ ಸಾನ್ ಹುವಾನ್ ನಗರದ ಒಂದು ಸಮ್ಮೇಳನದಲ್ಲಿ. ಹಳೆಯ ಪೇಟೆಯ ಕಲ್ಲುಹಾಸಿನ ಬೀದಿಯಲ್ಲಿ ನಡೆಯುತ್ತಾ ಒಟ್ಟಿಗೆ ಕೆಲಸ ಮಾಡೋಣ ಎಂದು ಮಾತಾಯಿತು.

ಹಗಲಿರುಳು ಪ್ರಯೋಗಾಲಯದಲ್ಲಿದ್ದವರು ಇಬ್ಬರು ಯುವಕರು: ಬರ್ಕ್ಲಿಯಲ್ಲಿ ಮಾರ್ಟಿನ್ ಯೀನೆಕ್, ಯುರೋಪಿನಲ್ಲಿ ಕ್ರಿಸ್ಟೋಫ್ ಹಿಲಿನ್ಸ್ಕಿ. ಯೀನೆಕ್ ಬೆಳೆದದ್ದು ಪೋಲೆಂಡ್ ಗಡಿಯ ಸಮೀಪ. ಹಾಗಾಗಿ ಇಬ್ಬರೂ ಪೋಲಿಷ್ ಭಾಷೆಯಲ್ಲೇ ಫಲಿತಾಂಶ ಹಂಚಿಕೊಳ್ಳುತ್ತಿದ್ದರಂತೆ. ಅವರು ಅಧ್ಯಯನ ಮಾಡಿದ ಕತ್ತರಿ ಕೆಲಸ ಮಾಡುವುದು ಹೀಗೆ. ಕ್ಯಾಸ್‌9 ಎಂಬ ಪ್ರೋಟೀನು ಒಂದು ಆರ್‌ಎನ್‌ಎ ಎಳೆಯನ್ನು ಹಿಡಿದುಕೊಂಡು ಡಿಎನ್‌ಎ ಉದ್ದಕ್ಕೂ ಹುಡುಕುತ್ತಾ ಹೋಗುತ್ತದೆ. ಎಲ್ಲಾದರೂ ಎರಡು ‘ಜಿ’ ಅಕ್ಷರ ಒಟ್ಟಿಗೆ ಸಿಕ್ಕರೆ ಅಲ್ಲಿ ನಿಂತು, ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಿ, ತನ್ನ ಆರ್‌ಎನ್‌ಎಯ ಇಪ್ಪತ್ತು ಅಕ್ಷರಗಳೊಂದಿಗೆ ಪಕ್ಕದ ಸಾಲನ್ನು ತಾಳೆ ನೋಡುತ್ತದೆ. ತಾಳೆಯಾದರೆ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಇಲ್ಲವಾದರೆ ಬಿಟ್ಟು ಮುಂದಕ್ಕೆ. ಪ್ರಕೃತಿಯಲ್ಲಿ ಇದಕ್ಕೆ ಎರಡು ಆರ್‌ಎನ್‌ಎಗಳು ಬೇಕು. ಬರ್ಕ್ಲಿಯ ತಂಡ ಅವೆರಡನ್ನೂ ಬೆಸೆದು ಒಂದೇ ಎಳೆ ಮಾಡಿತು. ಆ ಇಪ್ಪತ್ತು ಅಕ್ಷರ ಬದಲಿಸಿದರೆ ಸಾಕು, ಕತ್ತರಿ ನಾವು ಹೇಳಿದ ಜಾಗಕ್ಕೆ ಹೋಗುತ್ತದೆ. 2012ರ ಜೂನ್ 28ರಂದು ಇದನ್ನು ವಿವರಿಸುವ ಲೇಖನ ‘ಸೈನ್ಸ್’ನಲ್ಲಿ ಬಂತು.

ಲಿಥುವೇನಿಯಾದ ವಿರ್ಗಿನಿಯುಸ್ ಶಿಕ್ಷ್‌ನಿಸ್ ಇದೇ ಕತ್ತರಿಯ ಬಗೆಗಿನ ತಮ್ಮ ಲೇಖನವನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ‘ಸೆಲ್’ ಪತ್ರಿಕೆಗೆ ಕಳಿಸಿದ್ದರು. ಪತ್ರಿಕೆ ಹಿಂತಿರುಗಿಸಿತು. ಬೇರೊಂದು ಪತ್ರಿಕೆಯಲ್ಲಿ ಅದು ಅಚ್ಚಾದದ್ದು ಸೆಪ್ಟೆಂಬರ್‌ನಲ್ಲಿ. 2018ರ ಕಾವ್ಲಿ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು, 2020ರ ನೊಬೆಲ್‌ನಲ್ಲಿ ಸಿಗಲಿಲ್ಲ. ನೊಬೆಲ್ ಹೋದದ್ದು ಶಾರ್ಪೊಂಟಿಯೇ ಮತ್ತು ಡೌಡ್ನಾ ಅವರಿಬ್ಬರಿಗೆ. ಇದು ಅನ್ಯಾಯವೇ? ಒಂದೇ ಎಳೆಯ ಆರ್‌ಎನ್‌ಎ ಶಿಕ್ಷ್‌ನಿಸ್ ಅವರ ಲೇಖನದಲ್ಲಿ ಇರಲಿಲ್ಲ, ಕ್ರಿಸ್ಪರ್ ಸಾವಿರಾರು ಪ್ರಯೋಗಾಲಯಗಳಿಗೆ ಅಷ್ಟು ಬೇಗ ತಲುಪಿದ್ದು ಆ ಒಂದೆಳೆಯಿಂದ. ಹಾಗಾಗಿ ಬಹುಮಾನ ತಪ್ಪು ಕೈಗೆ ಹೋಗಿಲ್ಲ ಎಂದೇ ನನ್ನ ಭಾವನೆ. ಆದರೆ ಮೊಹಿಕಾ ಅವರ ಹೆಸರು ಹೊರಗುಳಿದದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಉಪ್ಪುಗದ್ದೆಯ ಸೂಕ್ಷ್ಮಜೀವಿಗಳಲ್ಲಿ, ಯಾರಿಗೂ ಬೇಡವಾಗಿದ್ದ ಪ್ರಶ್ನೆಯ ಹಿಂದೆ ಅವರು ವರ್ಷಗಟ್ಟಲೆ ಒಂಟಿಯಾಗಿ ನಡೆದರು. ಆ ದಾರಿ ಇರದಿದ್ದರೆ ಉಳಿದವರು ನಡೆಯಲು ಏನೂ ಇರುತ್ತಿರಲಿಲ್ಲ.

ಪೇಟೆಂಟ್ ಜಗಳ ಇದಕ್ಕಿಂತ ಕಹಿ. ಬರ್ಕ್ಲಿ ಅರ್ಜಿ ಹಾಕಿದ್ದು 2012ರ ಮೇ ತಿಂಗಳಲ್ಲಿ. ಝಾಂಗ್ ಅವರ ಬ್ರಾಡ್ ಸಂಸ್ಥೆ ಡಿಸೆಂಬರ್‌ನಲ್ಲಿ ಹಾಕಿ, ಹೆಚ್ಚುವರಿ ಶುಲ್ಕ ಕಟ್ಟಿ ತ್ವರಿತ ಪರಿಶೀಲನೆ ಕೇಳಿ, 2014ರ ಏಪ್ರಿಲ್‌ನಲ್ಲಿ ಮೊದಲು ಪೇಟೆಂಟ್ ಪಡೆಯಿತು. ಪರೀಕ್ಷಾ ನಳಿಕೆಯಲ್ಲಿ ಕತ್ತರಿಸಿದ ಮಾತ್ರಕ್ಕೆ ಮನುಷ್ಯ ಜೀವಕೋಶದಲ್ಲಿ ಕತ್ತರಿಸಿದಂತಾಗುವುದಿಲ್ಲ ಎಂದು ಬ್ರಾಡ್ ವಾದಿಸಿತು. ದಾರಿ ತೋರಿಸಿದ ಮೇಲೆ ಅಲ್ಲಿಗೆ ಹೋಗುವುದು ಯಾರಿಗಾದರೂ ಹೊಳೆಯುವಂಥದ್ದು ಎಂದು ಬರ್ಕ್ಲಿ ಉತ್ತರಿಸಿತು. ಅಮೆರಿಕದ ಪೇಟೆಂಟ್ ಮಂಡಳಿ 2017ರಲ್ಲೂ 2022ರಲ್ಲೂ ಬ್ರಾಡ್ ಕಡೆ ವಾಲಿತು. 2025ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ ಎರಡನೆಯ ತೀರ್ಪಿನ ಮುಖ್ಯ ಭಾಗವನ್ನು ರದ್ದುಮಾಡಿ ಮತ್ತೆ ಪರಿಶೀಲಿಸಿ ಎಂದಿತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಎರಡೂ ಕಡೆ ಸಾರ್ವಜನಿಕ ಹಣದ ಸಂಶೋಧನೆಯೂ ಇದೆ. ಸರ್ಕಾರಿ ಅನುದಾನದಿಂದ ಹುಟ್ಟಿದ ಜ್ಞಾನದ ಮೇಲೆ ವಿಶ್ವವಿದ್ಯಾಲಯಗಳು ಪೇಟೆಂಟ್ ಪಡೆಯಬಹುದು ಎಂಬ ಅಮೆರಿಕದ 1980ರ ಕಾನೂನು ಈ ಜಗಳಕ್ಕೆ ಅಂಗಳ ಹಾಕಿಕೊಟ್ಟಿತು. ಕಾನೂನನ್ನು ಡೌಡ್ನಾ ಮಾಡಲಿಲ್ಲ. ಅದರ ಲಾಭ ಪಡೆದವರಲ್ಲಿ ಅವರೂ ಒಬ್ಬರು. ಕ್ಯಾರಿಬೂ, ಇಂಟೆಲಿಯಾ, ಮ್ಯಾಮತ್, ಸ್ಕ್ರೈಬ್ ಕಂಪನಿಗಳ ಸ್ಥಾಪಕರ ಪಟ್ಟಿಯಲ್ಲಿ ಅವರ ಹೆಸರಿದೆ. ಝಾಂಗ್ ಜೊತೆ ಸೇರಿ ಕಟ್ಟಿದ ಎಡಿಟಾಸ್‌ನಿಂದ ಬೇಗನೆ ಹೊರಬಂದರು. ಇನ್ನೊಂದು ಸಂಗತಿಯನ್ನೂ ಜೊತೆಗಿಡಬೇಕು. ಬರ್ಕ್ಲಿ, ಬ್ರಾಡ್ ಎರಡೂ ತಮ್ಮ ಡಿಎನ್‌ಎ ಸಾಮಗ್ರಿಯನ್ನು ಆಡ್‌ಜೀನ್ ಎಂಬ ಲಾಭರಹಿತ ಭಂಡಾರದಲ್ಲಿಟ್ಟವು. ಸಂಶೋಧನೆ ಮಾಡುವವರು ಅಲ್ಪ ಖರ್ಚಿನಲ್ಲಿ ತರಿಸಿಕೊಳ್ಳಬಹುದಾಗಿತ್ತು. ಜಗಳ ನಡೆದದ್ದು ವ್ಯಾಪಾರಕ್ಕಾಗಿ, ಪ್ರಯೋಗಾಲಯಗಳ ಬಾಗಿಲು ತೆರೆದೇ ಇತ್ತು.

ಈಗ ಸಹಿಯ ವಿಷಯಕ್ಕೆ ಬರೋಣ.

2018ರ ನವೆಂಬರ್‌ನಲ್ಲಿ, ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ, ಡೌಡ್ನಾ ಅವರಿಗೆ ಚೀನಾದಿಂದ ಒಂದು ಇಮೇಲ್ ಬಂತು. ‘ಮಕ್ಕಳು ಹುಟ್ಟಿದ್ದಾರೆ’ ಎಂಬುದೇ ವಿಷಯದ ಸಾಲು. ಕಳಿಸಿದವರು ಶೆನ್‌ಝೆನ್‌ನ ಹೆ ಜಿಯಾನ್‌ಕುಯಿ. ಎಚ್‌ಐವಿ ಜೀವಕೋಶದೊಳಗೆ ನುಗ್ಗಲು ಬಳಸುವ ಸಿಸಿಆರ್‌5 ಎಂಬ ವಂಶವಾಹಿಯನ್ನು ಭ್ರೂಣದಲ್ಲೇ ಕೆಡಿಸಿ, ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದರು. ಅದರ ಅಗತ್ಯವೇ ಇರಲಿಲ್ಲ. ತಂದೆಗೆ ಎಚ್‌ಐವಿ ಇದ್ದರೂ ಮಗುವಿಗೆ ದಾಟದಂತೆ ತಡೆಯುವ ಸರಳ ವಿಧಾನಗಳು ಮೊದಲೇ ಇದ್ದವು. ಮೇಲಾಗಿ, ಕೆಲವು ಮನುಷ್ಯರಲ್ಲಿ ಸಹಜವಾಗಿ ಕಾಣುವ ಬದಲಾವಣೆ ಆ ಮಕ್ಕಳಲ್ಲಿ ಆಗಲಿಲ್ಲ. ಆದದ್ದು ಹಿಂದೆ ಯಾರಲ್ಲೂ ಕಾಣದ ಬೇರೆಯದೇ ಕತ್ತರಿಕೆ. ಹೆ ಅವರಿಗೆ 2019ರ ಡಿಸೆಂಬರ್‌ನಲ್ಲಿ ಮೂರು ವರ್ಷ ಸೆರೆವಾಸದ ಶಿಕ್ಷೆಯಾಯಿತು.

2017ರ ಆರಂಭದಲ್ಲಿ ಬರ್ಕ್ಲಿಯಲ್ಲಿ ನಡೆದ, ಡೌಡ್ನಾ ಕೂಡ ಸಂಘಟಕರಾಗಿದ್ದ ಒಂದು ಪುಟ್ಟ ಸಭೆಯಲ್ಲಿ ಈ ಹೆ ಕೂತಿದ್ದರು. ಟೀಕಾಕಾರರು ಎತ್ತುವ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ವಿಜ್ಞಾನಿಗಳು ತಮ್ಮೊಳಗೇ ಸಭೆ ಸೇರಿ, ಎಚ್ಚರ ವಹಿಸೋಣ ಎಂಬ ಮೃದು ಮಾತಿನ ಹೇಳಿಕೆ ಹೊರಡಿಸಿದರು. ನಿಷೇಧ ಎಂಬ ಮಾತನ್ನು ಬೇಕೆಂದೇ ಬಿಟ್ಟರು. ಆ ಸಂದಿಯಲ್ಲಿ ಒಬ್ಬ ಮಹತ್ವಾಕಾಂಕ್ಷಿ ನುಸುಳಿದ. ಹಾಗಿದ್ದೂ 2019ರಲ್ಲಿ ಸ್ಪಷ್ಟವಾಗಿ ‘ನಿಲ್ಲಿಸಿ’ ಎನ್ನಲು ಏನು ಅಡ್ಡಿ? ಕಂಪನಿಗಳಲ್ಲಿ ಪಾಲಿರುವವರು ತಡೆ ಹಾಕಿ ಎನ್ನಲು ಹಿಂಜರಿಯುವುದು ಸಹಜ ಎಂದು ಕೆಲವರು ಇನ್ನೂ ಮುಂದೆ ಹೋದರು.

ಕೊನೆಯ ಆ ಆರೋಪ ನನಗೆ ಒಪ್ಪಿಗೆಯಿಲ್ಲ. ಡೌಡ್ನಾ ಕಟ್ಟಿದ ಕಂಪನಿಗಳು ಭ್ರೂಣದ ತಂಟೆಗೆ ಹೋದವಲ್ಲ. ಸಹಿ ಹಾಕಿದ ಝಾಂಗ್, ಶಾರ್ಪೊಂಟಿಯೇ ಕೂಡ ಕಂಪನಿ ಸ್ಥಾಪಿಸಿದವರೇ. ತಮ್ಮ ಕಾರಣವನ್ನು ಡೌಡ್ನಾ ಆಗಲೇ ಹೇಳಿದ್ದರು. ಎಷ್ಟು ಕಾಲ ಎಂದು ಗೊತ್ತಿಲ್ಲದ ತಡೆಯಿಂದ ಮುಂದಿನ ಜವಾಬ್ದಾರಿಯುತ ಬಳಕೆಗೆ ದಾರಿ ಕಾಣುವುದಿಲ್ಲ, ಅದಕ್ಕಿಂತ ಕಟ್ಟುನಿಟ್ಟಾದ ನಿಯಂತ್ರಣ ಮತ್ತು ತೆರೆದ ಚರ್ಚೆ ಬೇಕು ಎಂಬುದು ಅವರ ನಿಲುವು. ಅದರ ಹಿಂದೆ ಒಂದು ಒಳತೋಟಿಯೂ ಇದೆ. ಹಿಟ್ಲರ್ ಹಂದಿಮುಖ ಹೊತ್ತು ಬಂದು ಈ ತಂತ್ರದ ಬಗ್ಗೆ ವಿಚಾರಿಸಿದ ಕನಸನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಮಾರಕ ಆನುವಂಶಿಕ ರೋಗವಿರುವ ಮನೆಗಳವರ ಪತ್ರಗಳನ್ನು ಓದುತ್ತಾ ತಮ್ಮ ಮನಸ್ಸು ಸಾರಾಸಗಟು ನಿಷೇಧದಿಂದ ದೂರ ಸರಿದದ್ದನ್ನೂ ಮುಚ್ಚಿಡದೆ ಹೇಳಿದ್ದಾರೆ. ಮಗು ತನ್ನ ಕಣ್ಣೆದುರೇ ಸಾಯುವುದನ್ನು ನೋಡಿದ ತಾಯಿಗೆ ‘ತತ್ವ’ ಹೇಳುವುದು ಯಾರಿಗೂ ಸುಲಭವಲ್ಲ.

ಇಷ್ಟಾದರೂ ಅವರು ಸಹಿ ಹಾಕಬೇಕಿತ್ತು ಎಂಬ ಕಡೆಗೇ ನನ್ನ ತಕ್ಕಡಿ ವಾಲುತ್ತದೆ. ಆ ಮನವಿ ಶಾಶ್ವತ ನಿಷೇಧ ಕೇಳಿರಲಿಲ್ಲ. ನಿಗದಿತ ಕಾಲ ನಿಲ್ಲಿಸಿ, ಆಮೇಲೆ ಆಯಾ ದೇಶ ಸಾರ್ವಜನಿಕವಾಗಿ ಚರ್ಚಿಸಿ ನಿರ್ಧರಿಸಲಿ ಎಂದಿತ್ತು. ಭ್ರೂಣಕ್ಕೆ ಮಾಡಿದ ತಿದ್ದುಪಡಿ ಅದರ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ಅವರಲ್ಲಿ ಯಾರೊಬ್ಬರ ಒಪ್ಪಿಗೆಯನ್ನೂ ಕೇಳಲಾಗದು. ಕತ್ತರಿ ತಪ್ಪು ಜಾಗದಲ್ಲಿ ಬಿದ್ದರೆ ಹಿಂತೆಗೆಯುವ ದಾರಿಯಿಲ್ಲ. ಅಂಥ ಕೆಲಸದಲ್ಲಿ ಇಡೀ ಜಗತ್ತು ಗುರುತಿಸುವ ಹೆಸರೊಂದು ಪಟ್ಟಿಯಲ್ಲಿದ್ದರೆ ಮಾತಿಗೆ ತೂಕ ಬರುತ್ತಿತ್ತು. ಭಾರತದಲ್ಲಂತೂ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಡುವುದಿಲ್ಲ. ನಮ್ಮವರು ಆ ವಿಷಯದಲ್ಲಿ ಗೊಂದಲ ಇಟ್ಟುಕೊಂಡಿಲ್ಲ.

ಭ್ರೂಣದ ಗದ್ದಲದಲ್ಲಿ ಮರೆಯಾಗುವ ಇನ್ನೊಂದು ಲೆಕ್ಕವಿದೆ. ಈಗಾಗಲೇ ಹುಟ್ಟಿ, ನೋವಿನಲ್ಲಿರುವವರ ಲೆಕ್ಕ ಅದು. ಅಮೆರಿಕದ ಮಿಸಿಸಿಪಿಯ ವಿಕ್ಟೋರಿಯಾ ಗ್ರೇ ಕುಡಗೋಲು ರಕ್ತಕಣದ ರೋಗದಿಂದ ಬಾಲ್ಯದಿಂದಲೂ ನರಳಿದವರು. ಹಿಮೋಗ್ಲೋಬಿನ್ ವಂಶವಾಹಿಯಲ್ಲಿ ಒಂದೇ ಅಕ್ಷರ ತಪ್ಪಿ, ಕೆಂಪು ರಕ್ತಕಣಗಳು ಬಾಗಿ ಗಟ್ಟಿಯಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ರೋಗ ಅದು. 2019ರ ಜುಲೈನಲ್ಲಿ ಅವರಿಗೆ ಕ್ರಿಸ್ಪರ್ ಚಿಕಿತ್ಸೆಯಾಯಿತು. ಅವರ ರಕ್ತದ ಮೂಲಕೋಶಗಳನ್ನು ಹೊರತೆಗೆದರು. ಹುಟ್ಟಿದ ಮೇಲೆ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ತಯಾರಿಕೆಯನ್ನು ನಿಲ್ಲಿಸುವ ಗುಂಡಿಯೊಂದನ್ನು ಆ ಕೋಶಗಳಲ್ಲಿ ಕೆಡಿಸಿದರು. ತೀಕ್ಷ್ಣ ಕೀಮೋಥೆರಪಿಯಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಿ, ತಿದ್ದಿದ ಕೋಶಗಳನ್ನು ಮರಳಿ ಹಾಕಿದರು. ಆಮೇಲೆ ಅವರಿಗೆ ಆ ನೋವಿನ ದಾಳಿಗಳು ಬರಲಿಲ್ಲ. ಕ್ಯಾಸ್‌ಗೆವಿ ಎಂಬ ಹೆಸರಿನ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು.

ಒಪ್ಪಿಗೆ ಸಿಕ್ಕಾಗ ಅಮೆರಿಕದಲ್ಲಿ ಅದಕ್ಕಿಟ್ಟ ಬೆಲೆ 22 ಲಕ್ಷ ಡಾಲರ್. ಆಗಿನ ದರದಲ್ಲಿ ಸುಮಾರು 18 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದಾಟ, ಕೀಮೋಥೆರಪಿಯಿಂದ ಮಕ್ಕಳಾಗದಿರುವ ಅಪಾಯ ಬೇರೆ. ಇದು ಡೌಡ್ನಾ ಅವರ ಕಂಪನಿಯ ಔಷಧವಲ್ಲ, ಶಾರ್ಪೊಂಟಿಯೇ ಸ್ಥಾಪಕರಲ್ಲೊಬ್ಬರಾದ ಕಂಪನಿ ಮತ್ತು ವರ್ಟೆಕ್ಸ್ ಸೇರಿ ತಂದದ್ದು. ಆದರೆ ಕತ್ತರಿ ಅದೇ. ಡೌಡ್ನಾ ಅವರ ಇಂಟೆಲಿಯಾ ಬೇರೆ ದಾರಿ ಹಿಡಿಯಿತು. ಕೋಶಗಳನ್ನು ಹೊರತೆಗೆಯದೆ, ಔಷಧವನ್ನು ನೇರ ರಕ್ತಕ್ಕೆ ಕೊಟ್ಟು, ಯಕೃತ್ತಿನೊಳಗೇ ವಂಶವಾಹಿ ತಿದ್ದುವ ದಾರಿ ಅದು. 2021ರಲ್ಲಿ ಬಂದ ಮೊದಲ ಫಲಿತಾಂಶ ಆಸೆ ಹುಟ್ಟಿಸಿತು. 2025ರ ಅಕ್ಟೋಬರ್‌ನಲ್ಲಿ ಒಬ್ಬ ರೋಗಿಗೆ ಯಕೃತ್ತಿನ ತೀವ್ರ ತೊಂದರೆಯಾಗಿ ಪರೀಕ್ಷೆಗಳನ್ನು ನಿಲ್ಲಿಸಬೇಕಾಯಿತು. ಆ ರೋಗಿ ಆಮೇಲೆ ತೀರಿಕೊಂಡರು. ಅದೇ ವರ್ಷದ ಮೇನಲ್ಲಿ ಫಿಲಡೆಲ್ಫಿಯಾದಿಂದ ಬಂದ ಸುದ್ದಿ ಇದಕ್ಕೆ ತದ್ವಿರುದ್ಧ. ರಕ್ತದಲ್ಲಿ ಅಮೋನಿಯಾ ಏರಿ ಪ್ರಾಣ ಹೋಗಬಹುದಾಗಿದ್ದ ಒಂದು ಹಸುಗೂಸಿಗೆಂದೇ, ಅದರ ಒಂದೇ ತಪ್ಪಕ್ಷರಕ್ಕೆಂದೇ ವೈದ್ಯರು ಆರು ತಿಂಗಳಲ್ಲಿ ತಿದ್ದುಪಡಿ ಔಷಧ ತಯಾರಿಸಿ ಕೊಟ್ಟಿದ್ದರು. ಆ ತಿದ್ದುಪಡಿ ಬೇರೆ ಕಡೆ ಹಾನಿ ಮಾಡುವುದೇ ಎಂದು ಪರೀಕ್ಷಿಸುವ ಕೆಲಸಕ್ಕೆ ಡೌಡ್ನಾ ಬರ್ಕ್ಲಿಯಲ್ಲಿ ಕಟ್ಟಿದ ಇನ್ನೊವೇಟಿವ್ ಜೀನೋಮಿಕ್ಸ್ ಇನ್‌ಸ್ಟಿಟ್ಯೂಟ್ ಕೈಜೋಡಿಸಿತ್ತು. ಈ ಚಿಕಿತ್ಸೆಗಳ ಬೆಲೆ ಇಳಿಸುವುದು ಹೇಗೆ ಎಂಬುದನ್ನು ಅಧ್ಯಯನ ಮಾಡಿ ವರದಿ ಹೊರತಂದ ಲಾಭರಹಿತ ಸಂಸ್ಥೆಯೂ ಅದೇ. ಡೌಡ್ನಾ ಅವರ ಲೆಕ್ಕಪುಸ್ತಕದಲ್ಲಿ ಹಾಕದ ಆ ಸಹಿಗಿಂತ ಈ ಕೆಲಸಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಯಾಕೆಂದರೆ ಕುಡಗೋಲು ರಕ್ತಕಣದ ರೋಗ ನಮ್ಮದೂ ಹೌದು. ಭಾರತದಲ್ಲಿ ಕುಡಗೋಲು ರಕ್ತಕಣವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಯಾಚೆಗಿನ ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರುಮಾಡಿದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನೆ ಅಭಿಯಾನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಅದರ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಸದ್ಯಕ್ಕೆ ಕೈಗೆಟುಕುವುದು ತಪಾಸಣೆಯ ಕಾರ್ಡು, ಹೈಡ್ರಾಕ್ಸಿಯೂರಿಯಾ ಗುಳಿಗೆ, ನೋವು ಬಂದಾಗ ತಾಲ್ಲೂಕು ಆಸ್ಪತ್ರೆ. ಆ ಗುಳಿಗೆ ತಪ್ಪದೆ ತಲುಪುವುದೇ ಇಂದಿಗೂ ದೊಡ್ಡ ಸವಾಲು. ಹದಿನೆಂಟು ಕೋಟಿಯ ಮಾತು ಅಲ್ಲಿ ಅರ್ಥವೇ ಇಲ್ಲದ್ದು.

ದೆಹಲಿಯ ಐಜಿಐಬಿ ಸಂಸ್ಥೆಯಲ್ಲಿ ದೇಬಜ್ಯೋತಿ ಚಕ್ರವರ್ತಿ ಮತ್ತವರ ತಂಡ ಬೇರೊಂದು ಬ್ಯಾಕ್ಟೀರಿಯಾದ ಕ್ಯಾಸ್‌9 ಹಿಡಿದು ವರ್ಷಗಳಿಂದ ಈ ರೋಗದ ಮೇಲೇ ಕೆಲಸ ಮಾಡುತ್ತಿದೆ. 2025ರ ನವೆಂಬರ್‌ನಲ್ಲಿ ಬಿರ್ಸಾ ಮುಂಡಾ ಅವರ ಹೆಸರಿನಲ್ಲಿ ‘ಬಿರ್ಸಾ 101’ ಎಂಬ ದೇಶೀಯ ಚಿಕಿತ್ಸೆಯನ್ನು ಪ್ರಕಟಿಸಿ, ತಂತ್ರಜ್ಞಾನವನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ಗೆ ಹಸ್ತಾಂತರಿಸಲಾಯಿತು. ಬೇರೆ ಕ್ಯಾಸ್‌9 ಕೈಯಲ್ಲಿರುವುದಕ್ಕೆ ಪೇಟೆಂಟ್ ಜಗಳದ ಹಿನ್ನೆಲೆಯಲ್ಲಿ ಬೆಲೆ ಏನೆಂದು ತಿಳಿಯಲು ಗದ್ದೆಯ ಕಡೆ ನೋಡಬೇಕು. 2025ರ ಮೇನಲ್ಲಿ ಭಾರತ ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಘೋಷಿಸಿತು. ಅವುಗಳಲ್ಲಿ ಒಂದಾದ ‘ಕಮಲ’ ಸಾಂಬಾ ಮಸೂರಿಯಿಂದಲೇ ಬಂದದ್ದು. ಘೋಷಣೆಯಾದೊಡನೆ, ಇದರಲ್ಲಿ ಬಳಸಿದ ತಂತ್ರದ ಪೇಟೆಂಟ್ ಯಾರದು, ನಾಳೆ ಬೀಜಕ್ಕೆ ಯಾರು ಬಾಡಿಗೆ ಕೇಳುತ್ತಾರೆ ಎಂದು ಕುಲಾಂತರಿ ಬೆಳೆ ವಿರೋಧಿ ಸಂಘಟನೆಗಳು ಕೇಳಿದವು. ಬರ್ಕ್ಲಿ ಮತ್ತು ಬ್ರಾಡ್ ನಡುವಿನ ವ್ಯಾಜ್ಯ ದೂರದ ಅಮೆರಿಕದ ಕೋರ್ಟಿನದು ಎಂದುಕೊಂಡಿದ್ದವರಿಗೆ ಅದು ಗದ್ದೆಬದುವಿಗೆ ಬಂದು ನಿಂತಂತಾಯಿತು. ಆ ಪ್ರಶ್ನೆಗೆ ಸರ್ಕಾರ ಸ್ಪಷ್ಟ ಉತ್ತರವನ್ನು ಬಿತ್ತನೆಗೆ ಮೊದಲೇ ಕೊಡಬೇಕು. ಬಿರ್ಸಾ 101ಕ್ಕೂ ಅಷ್ಟೇ: ಚಿಕಿತ್ಸೆಯ ದರ ಎಷ್ಟು, ಅದನ್ನು ಯಾರು ಭರಿಸುತ್ತಾರೆ, ಹಾಡಿಯಿಂದ ಬಂದವರನ್ನು ಕೀಮೋಥೆರಪಿಯ ವಾರಗಳಲ್ಲಿ ಎಲ್ಲಿ ಇರಿಸಿಕೊಳ್ಳುತ್ತಾರೆ ಎಂಬುದು ಮೊದಲ ರೋಗಿಗಳ ಫಲಿತಾಂಶದ ಜೊತೆಗೇ ಜನರ ಮುಂದೆ ಬರಬೇಕು.